ಕ್ಯಾರೆಟ್ಟಿನ ಅಡಿಟಿಪ್ಪಣಿ

ಟೆಸ್ಸಾ ಕಾಲಿಯೋ ಆ ಬರಹ ಓದಿ ಮುಗಿಸುವಷ್ಟರಲ್ಲಿ ಬಾಯಲ್ಲಿದ್ದ ಚೂಯಿಂಗ್ ಗಮ್ಮನ್ನು ನುಂಗಿಬಿಟ್ಟಿದ್ದಳು. ಗಣಿ ಇತಿಹಾಸದ ವಿದ್ವಾಂಸರು ಇಂಟರ್ನೆಟ್ಟಿನಲ್ಲಿ ಕಟ್ಟಿಕೊಂಡಿದ್ದ ಚರ್ಚಾಕಟ್ಟೆಗೆ ಬೆಳಿಗ್ಗೆ ಹತ್ತೂಕಾಲಿಗೆ ಅದು ಬಂದಿತ್ತು.

"ನಮ್ಮ ಗಣಿನಾಡಿಗೆ ವಲಸೆ ಬಂದ ಫಿನ್ನಿಷ್ ಹೆಂಗಸರು ಗಣಿಯವರ ಪಾಸ್ಟಿ ಕಡುಬಿಗೆ ಕ್ಯಾರೆಟ್ ಸೇರಿಸಿದ್ದು ಮೊದಲ ಮಹಾಯುದ್ಧದ ನಂತರವೇ ಎಂದು ಮೂವತ್ತು ವರ್ಷಗಳಿಂದ ವಾದಿಸುತ್ತ ಬಂದಿದ್ದೇನೆ. ಅಲ್ಲ, ಅದಕ್ಕೂ ಬಹಳ ಹಿಂದೆಯೇ ಎಂದವರು ವಿನಿಫ್ರೆಡ್ ಓಟ್ಸ್. ಮುದುಕಿಯರು ಹೇಳಿದ ನೆನಪುಗಳೇ ಅವರಿಗೆ ಆಧಾರ. ಅಡುಗೆಮನೆಯ ಹರಟೆ ಇತಿಹಾಸವಲ್ಲ ಎಂದು ನಾನು ತುಂಬಿದ ಸಭೆಯಲ್ಲಿ ಅಂದೆ. ಕುಮಾರಿ ಕಾಲಿಯೋ ಅವರ ಮನೆತನದ ೧೮೯೬ರ ಪತ್ರ ಓದಿದ ಮೇಲೆ ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದೇನೆ. ತಪ್ಪಿದ್ದು ನಾನು. ವಿನಿಫ್ರೆಡ್, ಇದನ್ನು ಓದುತ್ತಿದ್ದರೆ, ಕ್ಷಮಿಸು."

ಕೆಳಗೆ ಕಟ್ಟೆಯ ನಿಯಮದಂತೆ ಪೂರ್ತಿ ಹೆಸರು: ಆರ್ವಿಲ್ ಟ್ರೆಜಿಡ್ಡರ್, ನಿವೃತ್ತ ಪ್ರಾಧ್ಯಾಪಕ. ಹನ್ನೆರಡು ನಿಮಿಷ ಬಿಟ್ಟು ಒಂದೇ ಸಾಲಿನ ಉತ್ತರ: "ಓದುತ್ತಿದ್ದೇನೆ. ವಿನಿಫ್ರೆಡ್ ಓಟ್ಸ್."

ಟೆಸ್ಸಾಳ ಮನೆತನದಲ್ಲಿ ೧೮೯೬ರ ಹೊತ್ತಿಗೆ ಬರೆಯಲು ಬರುತ್ತಿದ್ದವರು ಇದ್ದರೋ ಇಲ್ಲವೋ ಅವಳಿಗೇ ಗೊತ್ತಿಲ್ಲ. ಆ ಪತ್ರವನ್ನು ಬರೆದವಳು ಅವಳೇ. ಹಾಸ್ಟೆಲ್ಲಿನ ಮಂಚದ ಮೇಲೆ ಬೋರಲಾಗಿ ಮಲಗಿ, ಇಪ್ಪತ್ತು ನಿಮಿಷದಲ್ಲಿ.

ಎಲ್ಲದಕ್ಕೂ ಬೋಸ್ಟ್ರಮ್ ಮೇಷ್ಟ್ರೇ ಕಾರಣ ಅಂತ ಮೊದಲು ಅಂದುಕೊಂಡಿದ್ದಳು. 'ಗಣಿನಾಡಿನ ಬದುಕು' ಅನ್ನುವ ಪಾಠಕ್ಕೆ ಪರೀಕ್ಷೆ ಬೇಡವೆಂದು ಅವರು ಹೊಸ ದಾರಿ ಹುಡುಕಿದ್ದರು. ಹನ್ನೆರಡು ಜನ ವಿದ್ಯಾರ್ಥಿಗಳೂ ವಿದ್ವಾಂಸರ ಕಟ್ಟೆಯಲ್ಲಿ ಮಾತಾಡಬೇಕು. ಮೂವರು ವಿದ್ವಾಂಸರಾದರೂ ಉತ್ತರ ಕೊಟ್ಟರೆ ಪೂರ್ತಿ ಅಂಕ. "ಅಲ್ಲಿ ಹೋಗಿ ಪ್ರಶ್ನೆ ಕೇಳೋದಲ್ಲ, ಏನಾದ್ರೂ ತಗೊಂಡು ಹೋಗಿ! ಬರಿಗೈಲಿ ಯಾರ ಮನೆಗಾದ್ರೂ ಊಟಕ್ಕೆ ಹೋಗ್ತೀರಾ?" ಎಂದು ಅವರು ಮೂಗಿನಲ್ಲೇ ರಾಗ ಎಳೆದು ಹೇಳಿದ್ದನ್ನು ಅದೇ ದಿನ ಕ್ಯಾಂಟೀನಿನಲ್ಲಿ ಟೆಸ್ಸಾ ಹಾಗೆಯೇ ಎಳೆದು ತೋರಿಸಿದ್ದಳು. ಪಕ್ಕದ ಟೇಬಲ್ಲಿನವರು ಮೇಷ್ಟ್ರು ಬಂದರೆಂದು ಬೆನ್ನು ನೆಟ್ಟಗೆ ಮಾಡಿಕೊಂಡಿದ್ದರು.

ಅವಳು ಮೊದಲ ಸಲ ಬರಿಗೈಲೇ ಹೋದಳು. 'ಗಣಿಯವರು ಏನು ತಿನ್ನುತ್ತಿದ್ದರು?' ಎಂದು ಕೇಳಿದಳು. ಯಾರೋ ಒಬ್ಬರು ಒಂದು ಪುಸ್ತಕದ ಹೆಸರು, ಪುಟದ ಸಂಖ್ಯೆ ಕೊಟ್ಟು ಸುಮ್ಮನಾದರು. ಕೊನೆಯ ವಾರ ಬಂತು. ಆಗ ನೆನಪಾದವಳು ಮುಮ್ಮು, ಸತ್ತು ಎರಡು ವರ್ಷವಾಗಿದ್ದ ಅಪ್ಪನ ತಾಯಿ. ಟೆಸ್ಸಾ ಮುಮ್ಮುವಿನ ದನಿ ತೆಗೆದು ಮಾತಾಡಿದರೆ ಅಪ್ಪನಿಗೇ ಕಣ್ಣು ತುಂಬುತ್ತಿತ್ತು. ಆ ದನಿಯಲ್ಲೇ ಬರೆದಳು: "ಕಾರ್ನ್‌ವಾಲಿನ ಗಣಿ ಕೆಲಸದ ಗಂಡಸರು ಹದಿನಾಲ್ಕು ಜನ ನಮ್ಮ ಊಟದಮನೆಯಲ್ಲಿ ಉಣ್ಣುತ್ತಾರೆ. ಪಾಸ್ಟಿಯಲ್ಲಿ ಕ್ಯಾರೆಟ್ ಕಂಡು ಮೊದಲು ಮೂಗು ಮುರಿದರು. ಆಮೇಲೆ ತಟ್ಟೆ ನೆಕ್ಕಿದರು. ಈಗ ಮೂಗೂ ನೆಟ್ಟಗಾಗಿದೆ, ತಟ್ಟೆಯೂ ತೊಳೆದಂತಿದೆ." ಹೊಲಿಗೆ ಪೆಟ್ಟಿಗೆಯಲ್ಲಿ ಸಿಕ್ಕಿದ ಪತ್ರ, ಅಜ್ಜಿ ಫಿನ್ನಿಷ್‌ನಿಂದ ಅನುವಾದಿಸಿಟ್ಟಿದ್ದಳು ಅಂತ ಮೇಲೊಂದು ಸಾಲು ಸೇರಿಸಿದಳು. ಕ್ಯಾರೆಟ್ಟನ್ನು ಬೇಕೆಂದು ಹಾಕಿದ್ದಲ್ಲ. ಅವರ ಮನೆಯಲ್ಲಿ ಮಾಂಸ, ಆಲೂ, ಈರುಳ್ಳಿಯ ಜೊತೆ ಅದನ್ನೂ ತುಂಬಿಯೇ ಹಿಟ್ಟು ಮಡಚುವುದು. ಅದಿಲ್ಲದ ಪಾಸ್ಟಿಯೂ ಉಂಟು, ಅದಕ್ಕಾಗಿ ವಿದ್ವಾಂಸರು ಮಾತು ಬಿಡುವುದೂ ಉಂಟು ಎಂದು ಅವಳಿಗೆ ತಿಳಿದಿರಲಿಲ್ಲ.

ಹದಿನಾಲ್ಕು ಉತ್ತರ ಬಂದವು. ಬೋಸ್ಟ್ರಮ್ ತರಗತಿಯಲ್ಲಿ ಟ್ರೆಜಿಡ್ಡರ್ ಅವರ ಕ್ಷಮಾಪಣೆಯನ್ನು ಗಟ್ಟಿಯಾಗಿ ಓದಿ, "ನೋಡಿ! ಇಪ್ಪತ್ತೆರಡು ವರ್ಷದಿಂದ ಒಬ್ಬರ ಮುಖ ಒಬ್ಬರು ನೋಡದ ಜೋಡಿ. ನಮ್ಮ ಟೆಸ್ಸಾ ಒಂದು ಹಾಳೇಲಿ ಸೇರಿಸಿಬಿಟ್ಲು!" ಎಂದು ಚಪ್ಪಾಳೆ ತಟ್ಟಿದರು. ಎಲ್ಲರೂ ತಟ್ಟಿದರು. ಟೆಸ್ಸಾಳ ಕಿವಿ ಬಿಸಿಯಾಯಿತು. ಅವತ್ತು ಕ್ಯಾಂಟೀನಿನಲ್ಲಿ ಯಾರು ಕೇಳಿದರೂ ಅವಳು ಯಾರ ದನಿಯನ್ನೂ ತೆಗೆಯಲಿಲ್ಲ.

ಮರುದಿನ ಟ್ರೆಜಿಡ್ಡರ್ ಅವರಿಂದ ಅವಳಿಗೇ ಒಂದು ಈಮೇಲ್ ಬಂತು. ಅವರ ಕೊನೆಯ ಪುಸ್ತಕ ಸೋಮವಾರ ಅಚ್ಚಿಗೆ ಹೋಗಲಿದೆ. ಅಡಿಟಿಪ್ಪಣಿ ೨೧೨ರಲ್ಲಿ ಅವಳ ಪತ್ರ ಬರುತ್ತದೆ. ಅದಕ್ಕೆ ಮುಂಚೆ ಮೂಲವನ್ನು ಒಮ್ಮೆ ಕಣ್ಣಾರೆ ನೋಡಬೇಕು. ಶನಿವಾರ ಊಟಕ್ಕೆ ಬರಲಾದೀತೇ? ವಿನಿಫ್ರೆಡ್ ಕೂಡ ಬರುತ್ತಿದ್ದಾಳೆ.

"ಕಳೆದುಹೋಯ್ತು ಅನ್ನೇ," ಎಂದಳು ರೂಮಿನ ಗೆಳತಿ ಮಾರ್ಗೊ, ಕಾಲಿನ ಉಗುರಿಗೆ ಬಣ್ಣ ಹಚ್ಚುತ್ತ. "ನಾಯಿ ತಿಂತು ಅನ್ನು."

"ನಮ್ಮನೇಲಿ ನಾಯಿ ಇಲ್ಲ."

"ಪತ್ರಾನೇ ಇರಲಿಲ್ಲ, ನಾಯಿ ಇಲ್ಲದಿದ್ರೆ ಏನಾಯ್ತೀಗ? ನೋಡು, ನಿಜ ಹೇಳಿದ್ರೆ ನೀನು ಫೇಲು. ಆ ಮುದುಕರಿಬ್ರೂ ಮತ್ತೆ ಮಾತು ಬಿಡ್ತಾರೆ. ಸುಮ್ನಿದ್ರೆ ಯಾರಿಗೇನು ನಷ್ಟ? ಕ್ಯಾರೆಟ್ಟಿಗಾ?"

ಟೆಸ್ಸಾ ಲ್ಯಾಪ್‌ಟಾಪ್ ತೆರೆದಳು. ಕಟ್ಟೆಗೆ ಬಂದ ಮಾತನ್ನು ಅಳಿಸುವ ಪದ್ಧತಿ ಇರಲಿಲ್ಲ. ಹಳೆಯ ಜಗಳಗಳೆಲ್ಲ ದಿನಾಂಕ ಹೊತ್ತು ಅಲ್ಲೇ ಕೂತಿದ್ದವು. ಅವಳು ಹಿಂದಿಂದಕ್ಕೆ ಓದುತ್ತ ಹೋದಳು. ತೀರ ಹಿಂದೆ, ಒಂದು ಚಳಿಗಾಲದಲ್ಲಿ, ವಿನಿಫ್ರೆಡ್ ಬರೆದಿದ್ದಳು: "ಆರ್ವಿಲ್, ನನ್ನ ಮುದುಕಿಯರು ಸುಳ್ಳು ಹೇಳುವುದಿಲ್ಲ." ಅದಕ್ಕೆ ಯಾರೂ ಉತ್ತರ ಕೊಟ್ಟಿರಲಿಲ್ಲ.

ಶನಿವಾರ ಎರಡು ಗಂಟೆ ಕಾರು ಓಡಿಸಿಕೊಂಡು ಹೋದಳು. ಕೈಚೀಲದಲ್ಲಿ ಮಡಚಿದ ಒಂದೇ ಒಂದು ಹಾಳೆ. ರಸ್ತೆಯ ಎರಡೂ ಬದಿ ಹಿಮವನ್ನು ಆಳೆತ್ತರಕ್ಕೆ ದೂಡಿದ್ದರು. ಮೂರು ಕಡೆ ನಿಲ್ಲಿಸಿ ವಾಪಸು ಹೋಗೋಣವೇ ಅಂದುಕೊಂಡಳು. ನಾಲ್ಕನೆಯ ಕಡೆ ನಿಲ್ಲಿಸಿದಾಗ ಅದು ಟ್ರೆಜಿಡ್ಡರ್ ಅವರ ಮನೆಯೇ ಆಗಿತ್ತು.

ಬಾಗಿಲು ತೆರೆದವಳು ವಿನಿಫ್ರೆಡ್. ಹಿಡಿಯಷ್ಟಿದ್ದಳು, ಹೆಗಲ ಮೇಲೆ ಗಂಡಸರ ದೊಡ್ಡ ಸ್ವೆಟರು. "ಬಾ ಬಾ, ಬೂಟು ಅಲ್ಲೇ ಬಿಡು. ಆರ್ವಿಲ್ ಒಲೆ ಮುಂದೆ ಇದಾನೆ. ಎರಡು ಥರ ಪಾಸ್ಟಿ ಮಾಡ್ತಿದಾನಂತೆ. ಒಂದು ಅವನ ಟರ್ನಿಪ್ ಗಡ್ಡೆ ಹಾಕಿದ್ದು, ಒಂದು ನಮ್ಮ ಕ್ಯಾರೆಟ್ ಹಾಕಿದ್ದು. ಜೀವಮಾನದಲ್ಲಿ ಮೊದಲನೇ ಸಲ!"

'ನಮ್ಮ' ಅನ್ನುವ ಮಾತು ಟೆಸ್ಸಾಳಿಗೆ ಚುಚ್ಚಿತು. ಬೂಟಿನ ದಾರ ಬಿಚ್ಚುತ್ತ ಬಗ್ಗಿದವಳು ಬಗ್ಗಿಕೊಂಡೇ ಹೇಳಿದಳು, "ಮೇಡಂ, ಪತ್ರ ಇಲ್ಲ. ನಾನೇ ಬರೆದಿದ್ದು."

ವಿನಿಫ್ರೆಡ್ ಅಡುಗೆಮನೆಯ ಕಡೆ ನೋಡಿದಳು. ಅಲ್ಲಿ ಪಾತ್ರೆಯ ಸದ್ದು, ಆರ್ವಿಲ್ ಏನೋ ಗುನುಗುತ್ತಿದ್ದ ಸದ್ದು.

"ಗೊತ್ತು," ಎಂದಳು ಮೆಲ್ಲಗೆ. "ಅಂಥ ಇನ್ನೂರು ಪತ್ರ ಓದಿದೀನಿ ಕಣೇ. ಆರೋಗ್ಯ, ಹವೆ, ಯಾರು ಸತ್ರು, ಯಾರು ಹುಟ್ಟಿದ್ರು, ಅಷ್ಟೇ. ದಿನಾ ಹದಿನಾಲ್ಕು ಜನಕ್ಕೆ ಬೇಯಿಸೋಳು ಅವರು ತಟ್ಟೆ ನೆಕ್ಕಿದ್ದನ್ನ ಬರೆಯಲ್ಲ. ಕೂತು ನಿದ್ದೆ ಹೋಗ್ತಾಳೆ. ನಿನ್ನದು ತುಂಬಾ ಚೆನ್ನಾಗಿತ್ತು."

"ಮತ್ತೆ ಯಾಕೆ ಹೇಳಲಿಲ್ಲ?"

"ಅವನು ಕ್ಷಮಿಸು ಅಂದಿದ್ದ. ಕೈಗೆ ಬಂದಿದ್ದನ್ನ ವಾಪಸ್ ಕೊಡೋಕೆ ಆಗಲಿಲ್ಲ." ಸ್ವೆಟರಿನ ತೋಳು ಎಳೆದುಕೊಂಡಳು. "ಅವನಿಗೆ ಎಂಬತ್ತೊಂದು. ನನಗೆ ಎಪ್ಪತ್ತೊಂಬತ್ತು. ನೀನು ಸುಮ್ಮನಿದ್ರೆ ನಾನೂ ಸುಮ್ಮನಿರ್ತೀನಿ. ಅದು ಸರಿ ಅಂತ ಹೇಳ್ತಿಲ್ಲ."

"ಬಂದ್ಳಾ ಹುಡುಗಿ?" ಎಂದು ಒಳಗಿನಿಂದ ಕೂಗು ಬಂತು.

ಊಟದ ಟೇಬಲ್ಲಿನ ಅರ್ಧಭಾಗವನ್ನು ಆರ್ವಿಲ್ ಖಾಲಿ ಮಾಡಿಟ್ಟಿದ್ದರು. ಅದರ ಮೇಲೆ ಒಗೆದ ಬಿಳಿ ಬಟ್ಟೆ, ಒಂದು ಭೂತಗನ್ನಡಿ, ಚೂಪಾಗಿ ಕೆತ್ತಿದ ಪೆನ್ಸಿಲ್. ಅವರು ಏಪ್ರನ್ ಬಿಚ್ಚಿದರು, ಕೈ ತೊಳೆದರು, ಎರಡು ಸಲ ಒರೆಸಿದರು. ಆಮೇಲೆ ಡ್ರಾಯರಿನಿಂದ ಬಿಳಿ ಹತ್ತಿಯ ಕೈಗವಸು ತೆಗೆದು ಒಂದೊಂದೇ ಬೆರಳು ತೂರಿಸುತ್ತ ಕೂತರು. "ನಗಬೇಡ ವಿನಿ. ನೂರಾಚಿಲ್ಲರೆ ವರ್ಷದ ಕಾಗದ. ನನ್ನ ಕೈ ಬೆಣ್ಣೆ ಕೈ." ಅಂಗೈ ಮೇಲು ಮಾಡಿ ಎರಡೂ ಕೈ ಬಟ್ಟೆಯ ಮೇಲಿಟ್ಟರು. "ಕೊಡು ಮಗೂ."

ವಿನಿಫ್ರೆಡ್ ಕಿಟಕಿಯ ಆಚೆ ನೋಡುತ್ತಿದ್ದಳು.

ಟೆಸ್ಸಾ ಕೈಚೀಲದಿಂದ ಹಾಳೆ ತೆಗೆದು ಆ ಬಿಳಿ ಕೈಗಳಲ್ಲಿ ಇಟ್ಟಳು. ಕಾಲೇಜಿನ ಪ್ರಿಂಟರಿನ ಹಾಳೆ. ಆರ್ವಿಲ್ ಒಂದು ಕ್ಷಣ ತಬ್ಬಿಬ್ಬಾದರು. ಆದರೂ ಅದನ್ನು ಹಳೆಯ ಕಾಗದದಷ್ಟೇ ಜೋಪಾನವಾಗಿ ಬಿಡಿಸಿದರು. ಅವರ ತುಟಿ ಸಾಲಿನ ಜೊತೆ ಅಲುಗುತ್ತಿತ್ತು. ಹಾಳೆಯಲ್ಲಿದ್ದದ್ದು ಇಷ್ಟು: ಪತ್ರ ಕಟ್ಟುಕತೆ, ಅಜ್ಜಿಗೂ ಅದಕ್ಕೂ ಸಂಬಂಧವಿಲ್ಲ, ಅಂಕಕ್ಕಾಗಿ ಬರೆದೆ, ಪ್ರಾಧ್ಯಾಪಕ ಟ್ರೆಜಿಡ್ಡರ್ ಅವರಲ್ಲೂ ಪ್ರಾಧ್ಯಾಪಕಿ ಓಟ್ಸ್ ಅವರಲ್ಲೂ ಕ್ಷಮೆ ಕೇಳುತ್ತೇನೆ. ಕೆಳಗೆ ಕಟ್ಟೆಯ ನಿಯಮದಂತೆ ಪೂರ್ತಿ ಹೆಸರು, ಕಾಲೇಜು. ಮುಗಿಸಿ ಮತ್ತೆ ಮೊದಲಿನಿಂದ ಓದಿದರು.

"ಇದು ಕಟ್ಟೆಗೆ ಹೋಗಿದೆಯಾ?"

"ಇನ್ನೂ ಇಲ್ಲ ಸಾರ್. ಮೊದಲು ನಿಮಗೆ ತೋರಿಸಿ ಆಮೇಲೆ ಅಂತ…"

"ಆರ್ವಿಲ್," ಎಂದಳು ವಿನಿಫ್ರೆಡ್, ಕಿಟಕಿಯಿಂದ ತಿರುಗದೆ. "ನನಗೆ ಗೊತ್ತಿತ್ತು."

"ಯಾವಾಗಿಂದ?"

"ಎರಡನೇ ಸಾಲಿಂದ."

ಒಲೆಯ ಗಂಟೆ ಟಿಣ್ ಎಂದಿತು. ಯಾರೂ ಏಳಲಿಲ್ಲ. ಆರ್ವಿಲ್ ಹಾಳೆಯನ್ನು ಬಟ್ಟೆಯ ಮೇಲೆ ಹರಡಿ, ಗವಸಿನ ಬೆರಳಿನಿಂದ ಅದರ ಮಡಿಕೆಯನ್ನು ಸವರುತ್ತಿದ್ದರು. ಆಮೇಲೆ ಅದನ್ನು ಟೆಸ್ಸಾಳ ಕಡೆ ತಿರುಗಿಸಿ ಪೆನ್ಸಿಲ್ ಮುಂದಕ್ಕೆ ದೂಡಿದರು.

"ದಿನಾಂಕ ಹಾಕಿಲ್ಲ ನೀನು."

ಟೆಸ್ಸಾ ಅವರ ಮುಖ ನೋಡಿದಳು.

"ಹಾಕು. ಮುಂದೆ ಯಾರಾದ್ರೂ ಹುಡುಕ್ಕೊಂಡು ಬರ್ತಾರೆ."

ಅವಳು ಬರೆಯುತ್ತಿದ್ದಾಗ ಅವರು ಕೈಗವಸಿನ ಬೆರಳುಗಳನ್ನು ಒಂದೊಂದಾಗಿ ಎಳೆದು ತೆಗೆದು, ಜೋಡಿಸಿ, ಡ್ರಾಯರಿನೊಳಗೆ ಇಟ್ಟರು. ಅಡುಗೆಮನೆಗೆ ಹೋದರು. ತಟ್ಟೆ ಹಿಡಿದು ಬಂದಾಗ ಪಾಸ್ಟಿಯ ಅಂಚು ಸ್ವಲ್ಪ ಸೀದಿತ್ತು. ಕ್ಯಾರೆಟ್ ಹಾಕಿದ್ದನ್ನು ನಡುವೆ ಕೊಯ್ದರು. ಹಬೆ ಎದ್ದು ಅವರ ಕನ್ನಡಕ ಮಂಜಾಯಿತು. ಅದನ್ನು ಒರೆಸಿಕೊಳ್ಳದೆ, ಕಾಣದ ಕಣ್ಣಿನಲ್ಲೇ, ಒಂದು ತುಂಡನ್ನು ವಿನಿಫ್ರೆಡ್ ಕೂರಬೇಕಿದ್ದ ಖಾಲಿ ಕುರ್ಚಿಯ ಮುಂದಿಟ್ಟರು. ಇನ್ನೊಂದನ್ನು ತಮ್ಮ ತಟ್ಟೆಗೆ ಹಾಕಿಕೊಂಡು, ಅವಳು ಕಿಟಕಿಯಿಂದ ಬರುವವರೆಗೂ ಮುಳ್ಳುಚಮಚ ಮುಟ್ಟದೆ ಕೂತರು.