ಎಡಗೈಗೆ ಸಿಕ್ಕ ಕತ್ತರಿ

ನನಗೊಂದು ಸಣ್ಣ ಚಿಂತೆಯಿದೆ. ಯಾರ ಮುಂದೆಯೂ ಹೇಳುವಂಥದ್ದಲ್ಲ, ನನ್ನೊಳಗೇ ಹೇಳಿಕೊಳ್ಳುತ್ತೇನೆ. ನನ್ನ ಬಾಯಿ ನಾರುತ್ತದೆಯೇನೋ ಎಂದು. ಬೆಳಿಗ್ಗೆ ಹಾಲಿನ ಪ್ಯಾಕೆಟ್ಟು, ಮಧ್ಯಾಹ್ನ ಮೊಸರಿನದು, ಆಮೇಲೆ ಮಸಾಲೆ ಪುಡಿಯದು. ಮೂಲೆ ಕತ್ತರಿಸಿದ ಕೂಡಲೇ ನನ್ನನ್ನು ಹಾಗೇ ತಂದು ಸಿಂಕಿನ ಮೇಲಿನ ಮೊಳೆಗೆ ನೇತುಹಾಕುತ್ತಾರೆ. ಒರೆಸುವವರೂ ಇಲ್ಲ. ಆದರೆ ನಾರುವುದು ಹಾಲಲ್ಲ ಎಂದು ನನಗೆ ಗೊತ್ತು. ಹಾಲಿನ ನಾತ ನೀರು ಬಿದ್ದರೆ ಹೋಗುತ್ತದೆ. ಇದು ಹಳೆಯ ನಾತ. ಗೋಂದು, ಥರ್ಮಾಕೋಲಿನ ಚೂರು, ಅಂಟಿಸುವ ಮಿಂಚುಪುಡಿ, ಇವೆಲ್ಲ ಸೇರಿ ನನ್ನ ಎರಡು ಅಲಗುಗಳ ಸಂದಿಯಲ್ಲಿ ಕಪ್ಪಗೆ ಕಟ್ಟಿಕೊಂಡು ಕೂತಿರುವ ಕೊಳೆ. ಅದರ ಕಥೆಯೇ ನನ್ನ ಕಥೆ.

ನಾನು ಒಂದು ಕತ್ತರಿ. ಮಕ್ಕಳ ಕತ್ತರಿ. ಉಕ್ಕಿನ ಪಟ್ಟಿಯಿಂದ ಅಚ್ಚು ಬಿದ್ದಾಗ ನಾನು ಎರಡು ತುಂಡಾಗಿದ್ದೆ, ನಡುವೆ ರಿವೆಟ್ ಹೊಡೆದ ಮೇಲೆ ಒಬ್ಬಳಾದೆ. ಯಾರಿಗೂ ಚುಚ್ಚಬಾರದೆಂದು ನನ್ನ ಮೂತಿಯನ್ನು ದುಂಡಗೆ ಮಾಡಿದರು. ಪುಟ್ಟ ಬೆರಳು ಹಿಡಿಸುವಷ್ಟೇ ಅಗಲದ ಗುಲಾಬಿ ಬಣ್ಣದ ಕಿವಿಗಳನ್ನು ತೊಡಿಸಿದರು. ಇನ್ನೊಂದು ಮಾತು, ಬಹಳ ಜನಕ್ಕೆ ಗೊತ್ತಿಲ್ಲದ್ದು. ನಾನು ಬಲಗೈಗೆಂದು ಹುಟ್ಟಿದವಳು. ಬಲಗೈಯಲ್ಲಿ ಹಿಡಿದು ಒತ್ತಿದರೆ ನನ್ನ ಅಲಗುಗಳು ಒಂದನ್ನೊಂದು ತಬ್ಬಿಕೊಂಡು ಬರುತ್ತವೆ, ಕಾಗದ ಸರ್ರನೆ ಸೀಳುತ್ತದೆ. ಎಡಗೈಯಲ್ಲಿ ಹಿಡಿದರೆ ಅಲಗುಗಳು ದೂರ ಸರಿಯುತ್ತವೆ, ಕಾಗದ ನಡುವೆ ಮಡಚಿಕೊಳ್ಳುತ್ತದೆ. ಆಗ ನಾನು ಕತ್ತರಿಸುವುದಿಲ್ಲ. ಹಲ್ಲಿಲ್ಲದವರ ಹಾಗೆ ಅಗಿದು ಅಗಿದು ಉಗುಳುತ್ತೇನೆ.

ತಿಪಟೂರಿನ ಪೇಟೆಯ ಒಂದು ಸ್ಟೇಷನರಿ ಅಂಗಡಿಯಲ್ಲಿ ನನ್ನನ್ನು ರಟ್ಟಿಗೆ ಕಟ್ಟಿ ತೂಗುಹಾಕಿದ್ದರು. ರಟ್ಟಿನ ಮೇಲೊಂದು ಮಗುವಿನ ಚಿತ್ರ, ಕೈಯಲ್ಲಿ ನನ್ನಂಥದೇ ಕತ್ತರಿ, ಮುಖದ ತುಂಬ ನಗು. ಆ ನಗುವನ್ನು ನೋಡಿ ನೋಡಿ ನಾನೂ ಆಸೆಪಟ್ಟುಕೊಂಡೆ. ಒಂದು ದಿನ ಹಂಸವೇಣಿ ಎಂಬ ಹೆಂಗಸು ಬಂದು ಬಣ್ಣದ ಕಾಗದದ ಜೊತೆ ನನ್ನನ್ನೂ ಕೊಂಡಳು. "ಮಗಳಿಗೆ," ಎಂದಳು ಅಂಗಡಿಯವನಿಗೆ. ಆ ಒಂದು ಮಾತಿಗೆ ನಾನು ದಾರಿಯುದ್ದಕ್ಕೂ ಚೀಲದೊಳಗೆ ಹಿಗ್ಗಿದೆ.

ಮಗಳ ಹೆಸರು ಪ್ರಣತಿ. ಮೂರನೇ ಕ್ಲಾಸು. ಅವಳ ಶಾಲೆಯಿಂದ ಪ್ರತಿ ಶುಕ್ರವಾರ ತಾಯಂದಿರ ಫೋನಿಗೆ ಒಂದು ಸಂದೇಶ ಬರುತ್ತಿತ್ತು. ಈ ವಾರದ ಮನೆ ಚಟುವಟಿಕೆ ಇಂಥದ್ದು, ಮಕ್ಕಳೇ ಸ್ವತಃ ಮಾಡಬೇಕು, ಮಾಡುತ್ತಿರುವ ಫೋಟೊ ಕಳಿಸಬೇಕು, ಸೋಮವಾರ ತರಬೇಕು. ಒಂದು ವಾರ ಚಿಟ್ಟೆ, ಒಂದು ವಾರ ಸಂಚಾರ ದೀಪ, ಒಂದು ವಾರ ಎಲೆಗಳ ಆಕಾರ. ಕೇಳಿದರೆ ಎಷ್ಟು ಚೆಂದ. ನಾನು ರಟ್ಟಿನಿಂದ ಬಿಡಿಸಿಕೊಂಡು ಕಿವಿ ತೆರೆದು ಕಾದೆ.

ಬಂದದ್ದು ದೊಡ್ಡ ಬೆರಳು. ತಣ್ಣಗಿತ್ತು, ನಡುಬೆರಳಿನ ಬದಿಯಲ್ಲಿ ಪೆನ್ನು ಒತ್ತಿ ಆದ ಗಂಟಿತ್ತು. ಹಂಸವೇಣಿಯ ನಾದಿನಿ ದಾಕ್ಷಾಯಿಣಿಯದು. ಬಿ.ಎಸ್ಸಿ. ಮುಗಿಸಿ ಅಣ್ಣನ ಮನೆಯಲ್ಲಿದ್ದಳು, ಯಾವುದೋ ಪರೀಕ್ಷೆಗೆ ಓದುತ್ತಿದ್ದಳು. ಮಾತು ಕಮ್ಮಿ. ದಿನವೂ ಡೈರಿ ಬರೆಯುತ್ತಿದ್ದಳು, ಬರೆದಷ್ಟರಲ್ಲಿ ಒಂದು ಸಾಲೂ ಬಾಯಿಂದ ಬರುತ್ತಿರಲಿಲ್ಲ.

"ದಾಕ್ಷಾ, ಇವಳದ್ದೊಂದು ಚಿಟ್ಟೆಯಂತೆ, ಸ್ವಲ್ಪ ನೋಡು," ಎಂದಳು ಹಂಸವೇಣಿ. "ನೀನು ಹೆಂಗೂ ಮನೇಲೇ ಇರ್ತೀಯ. ಇವಳ ಕೈಗೆ ಕೊಟ್ರೆ ಪೇಪರ್ ದಂಡ."

"ನಾನು ಮಾಡ್ತೀನಮ್ಮ," ಎಂದಳು ಪ್ರಣತಿ.

"ನೀನು ಮಗ್ಗಿ ಹೇಳ್ಕೊ ಹೋಗು."

"ಹೂಂ ಅತ್ತಿಗೆ," ಎಂದಳು ದಾಕ್ಷಾಯಿಣಿ. ಅಣ್ಣನ ಮನೆಯ ಅನ್ನ ತಿನ್ನುವವಳು ಇನ್ನೇನು ಹೇಳಿಯಾಳು. ಅವಳ ಹೆಬ್ಬೆರಳು ನನ್ನ ಕಿವಿಯಲ್ಲಿ ಸಿಕ್ಕಿಹಾಕಿಕೊಂಡಿತು. ಕತ್ತರಿಸಿ ಮುಗಿದಾಗ ಬೆರಳ ಸುತ್ತ ಕೆಂಪು ಬಳೆಯೊಂದು ಮೂಡಿತ್ತು. ಚಿಟ್ಟೆ ಮಾತ್ರ ಅಚ್ಚಿನಲ್ಲಿ ಒತ್ತಿದ ಹಾಗಿತ್ತು.

ಫೋಟೊ ಕಳಿಸಿದ ದಿನವೇ ತಾಯಂದಿರ ಫೋನ್ ಗುಂಪಿನಲ್ಲಿ, ಪ್ರಣತಿಯ ಕ್ಲಾಸಿನ ಲಿಖಿತ್‌ನ ಅಮ್ಮನ ದನಿ ಬಂತು. ಹಂಸವೇಣಿ ಫೋನನ್ನು ಜೋರಾಗಿಟ್ಟು ಕೇಳಿಸಿಕೊಂಡಳು. "ಪ್ರಣತಿ ಅಮ್ಮ, ಚಿಟ್ಟೆ ಸೂಪರ್ ರೀ. ಮೂರನೇ ಕ್ಲಾಸಿಗೇ ಇಷ್ಟು ನೀಟಾ? ನಮ್ಮ ಬ್ಲೌಸ್ ಟೈಲರಿಗೂ ಈ ಕೈ ಬರಲ್ಲ. ಒಂದಿನ ನಮ್ಮನೆಗೆ ಕಳಿಸಿ ಮಗೂನ, ಎರಡು ಬ್ಲೌಸ್ ಇದೆ."

ಹಂಸವೇಣಿಯ ಮುಖ ಹುಳಿ ತಿಂದಂತಾಯಿತು. "ಮುಂದಿನ ಸಲ ಸ್ವಲ್ಪ ಸೊಟ್ಟಗೆ ಮಾಡು ಮಾರಾಯ್ತಿ," ಎಂದಳು ನಾದಿನಿಗೆ. "ಮಗು ಮಾಡಿದ ಹಂಗಿರಬೇಕು."

ಸೊಟ್ಟಗೆ ಮಾಡುವುದು ಸುಲಭವಲ್ಲ. ಬಲಗೈ ಎಷ್ಟು ಬೇಕೆಂದು ಅಂಕುಡೊಂಕು ಮಾಡಿದರೂ ಅದರಲ್ಲೊಂದು ಲೆಕ್ಕಾಚಾರ ಉಳಿದುಬಿಡುತ್ತಿತ್ತು. ಸಂಚಾರ ದೀಪದ ಕೆಂಪು ವೃತ್ತವನ್ನು ಮತ್ತೆ ಮತ್ತೆ ಕತ್ತರಿಸಿ ಎಸೆದ ದಾಕ್ಷಾಯಿಣಿ, ನನ್ನನ್ನು ತಿರುಗಿಸಿ ನೋಡಿದಳು. ಆಮೇಲೆ ಎಡಗೈಗೆ ತೆಗೆದುಕೊಂಡಳು.

ಅಲ್ಲಿಂದ ಶುರುವಾಯಿತು ನನ್ನ ಹೇಸಿಗೆಯ ಬಾಳು. ಕಾಗದ ನನ್ನ ಬಾಯಲ್ಲಿ ಮಡಚಿಕೊಂಡಿತು, ಜಗ್ಗಿತು, ಅಂಚು ಇಲಿ ಕಡಿದಂತಾಯಿತು. ಎಂಟು ವರ್ಷದ ಮಗು ಉಸಿರು ಹಿಡಿದು, ನಾಲಿಗೆ ಕಚ್ಚಿಕೊಂಡು ಕತ್ತರಿಸಿದರೆ ಹೇಗಿರುತ್ತದೋ ಥೇಟು ಹಾಗೇ. ನೋಡಿ ದಾಕ್ಷಾಯಿಣಿ ನಗಲಿಲ್ಲ. ಎದ್ದು ಹೋಗಿ ಕೈ ತೊಳೆದು ಬಂದಳು. ಬಂದು ಮತ್ತೆ ಎದ್ದು ಹೋಗಿ ತೊಳೆದಳು. ಬೆರಳ ಮೇಲೆ ಒಣಗಿದ ಗೋಂದನ್ನು ಅವಳು ಸುಲಿಯುವುದನ್ನು ನೋಡಬೇಕಿತ್ತು. ಸತ್ತ ಹಲ್ಲಿಯ ಚರ್ಮ ಸುಲಿಯುತ್ತಿದ್ದಾಳೇನೋ ಎಂಬಂತೆ ಮುಖ ಕಿವುಚಿಕೊಳ್ಳುತ್ತಿದ್ದಳು. ಸುಳ್ಳು ಹೇಳಿದವರನ್ನು ಕಂಡಿದ್ದೆ. ಮಗು ಮಾಡಬೇಕಾದ ತಪ್ಪನ್ನೂ ಕದಿಯುವವರನ್ನು ಕಂಡಿರಲಿಲ್ಲ, ಅದೂ ನನ್ನ ಬಾಯಿಂದಲೇ.

ಭಾನುವಾರ ಫೋಟೊ. ಪ್ರಣತಿಗೆ ತಲೆ ಬಾಚಿ, ಹೊಸ ಫ್ರಾಕು ಹಾಕಿ, ಕಾಗದ ಹರಡಿ ಕೂರಿಸುತ್ತಿದ್ದರು. ಆಗ ಮಾತ್ರ ಅವಳ ಬೆರಳು ನನ್ನ ಕಿವಿಯೊಳಗೆ ಬರುತ್ತಿತ್ತು. ಬೆಚ್ಚಗಿನ, ಸ್ವಲ್ಪ ಬೆವೆತ ಬೆರಳು. ಅಳತೆ ತೆಗೆದು ಮಾಡಿಸಿದಂತೆ ಕೂರುತ್ತಿತ್ತು. ನಾನು ಬಾಯಿ ತೆರೆಯುತ್ತಿದ್ದೆ, ನಡುವೆ ಕಾಗದವಿರುತ್ತಿತ್ತು, ಇನ್ನೇನು ಮುಚ್ಚಬೇಕು.

"ಕತ್ತರಿಸೋ ಹಂಗೆ ಮಾಡು. ಕತ್ತರಿಸಬೇಡ," ಎನ್ನುತ್ತಿದ್ದಳು ಹಂಸವೇಣಿ. "ಹಾಂ, ನಗು. ಇನ್ನೂ ಸ್ವಲ್ಪ. ಸರಿ, ಕೊಡು ಇತ್ತ."

ಪ್ರತಿ ವಾರ ತುತ್ತನ್ನು ಬಾಯಿಗಿಟ್ಟು ಕಿತ್ತುಕೊಂಡರು. ಅಂಗಡಿಯ ರಟ್ಟಿನ ಮೇಲೆ ನಗುತ್ತಿದ್ದ ಮಗುವನ್ನು ನೆನೆಸಿಕೊಂಡು ನನಗೆ ವಾಕರಿಕೆ ಬಂತು. ಅದೂ ಇಂಥದೇ ನಗು ಇದ್ದಿರಬೇಕು.

ಹೆಸರುಕಾಳು ಮೊಳಕೆ ಬರಿಸುವ ವಾರವಂತೂ ಬೇಡವೇ ಬೇಡ. ಹತ್ತಿಯಲ್ಲಿ ಕಾಳಿಟ್ಟು ದಿನವೂ ನೀರು ಚಿಮುಕಿಸಿ ನೋಡಬೇಕಿತ್ತು. ಪ್ರಣತಿ ನೋಡಲು ಬಗ್ಗಿದರೆ ತಾಯಿ, "ಮುಟ್ಟಬೇಡ, ಕೈ ಗಲೀಜಾಗುತ್ತೆ," ಎಂದು ಕಪಾಟಿನ ಮೇಲೆತ್ತಿಟ್ಟು ಮರೆತಳು. ಹತ್ತಿ ಹಸಿರು ಬೂಷ್ಟು ಹಿಡಿದು, ಲೋಳೆ ಕಟ್ಟಿ, ಮನೆಯೆಲ್ಲ ನಾರಿತು. ಕೊನೆಗೆ ತರಕಾರಿ ಅಂಗಡಿಯಿಂದ ಮೊಳಕೆಕಾಳು ತಂದು ಹೊಸ ಹತ್ತಿಯ ಮೇಲೆ ಗೋಂದಿನಿಂದ ಅಂಟಿಸಿದರು. ಹಳೆಯ ಹತ್ತಿಯನ್ನು ಕತ್ತರಿಸಿ ಬಟ್ಟಲಿನಿಂದ ಬಿಡಿಸಿದ್ದು ನಾನು. ಆ ಲೋಳೆ ನನ್ನ ಅಲಗಿನಿಂದ ಇವತ್ತಿಗೂ ಹೋಗಿಲ್ಲ ಎಂದೇ ನನ್ನ ಅನುಮಾನ.

ಶಾಲೆಯಲ್ಲಿ ಪ್ರಣತಿಗೆ ಮಾತ್ರ ವಾರವಾರವೂ ನಕ್ಷತ್ರದ ಗುರುತು. ಒಂದು ಸೋಮವಾರ ಅವಳು ಓಡಿಬಂದು ಹೇಳಿದಳು. "ಅತ್ತೆ, ರೇಷ್ಮಾ ಮಿಸ್ ನನ್ನ ಎಲೆ ಎತ್ತಿ ತೋರಿಸಿದ್ರು. ಎಲ್ಲರದ್ದೂ ಅಪ್ಪ ಅಮ್ಮ ಮಾಡಿಕೊಟ್ಟಿದ್ದಂತೆ. ನಂದು ಮಾತ್ರ ಸೊಟ್ಟ ಇದೆಯಂತೆ, ನೋಡಿದ್ರೇ ಗೊತ್ತಾಗುತ್ತಂತೆ, ಇದು ಪ್ರಣತಿ ಕೈ ಅಂತ."

ದಾಕ್ಷಾಯಿಣಿ ಬಾಯಿ ತೆರೆದಳು. ಒಲೆಯ ಮುಂದಿದ್ದ ಅತ್ತಿಗೆಯ ಬೆನ್ನು ನೋಡಿದಳು. ಬಾಯಿ ಮುಚ್ಚಿಕೊಂಡಳು. ನಾನೂ ಹಾಗೇ, ಬಾಯಿ ಇದ್ದೂ ಮಾತಿಲ್ಲದವಳು. ಅವಳ ಮೇಲೆ ಸಿಟ್ಟು ಮಾಡಿಕೊಳ್ಳಲು ನನಗೆ ಮುಖವಿರಲಿಲ್ಲ.

ಅದಾದ ಸ್ವಲ್ಪ ದಿನಕ್ಕೆ ಮಂಚದ ಕೆಳಗೆ ಕಾಗದದ ಚೂರುಗಳು ಸಿಗತೊಡಗಿದವು. ಅಂಚೆಲ್ಲ ಕಚ್ಚಿದ ಹಾಗೆ. "ಇಲಿ ಸೇರಿಕೊಂಡಿದೆ," ಎಂದು ಹಂಸವೇಣಿ ಬೋನು ತರಿಸಿ, ತೆಂಗಿನಕಾಯಿ ಚೂರು ಸಿಕ್ಕಿಸಿಟ್ಟಳು. ಇಲಿ ಬೀಳಲಿಲ್ಲ. ಆ ಇಲಿ ಯಾರೆಂದು ನನಗೆ ಗೊತ್ತಿತ್ತು. ಮಧ್ಯಾಹ್ನ ಅಮ್ಮ ಮಲಗಿದ ಮೇಲೆ ಪ್ರಣತಿ ಅತ್ತೆಯ ಮೇಜಿನಿಂದ ನನ್ನನ್ನು ಎತ್ತಿಕೊಂಡು ಮಂಚದ ಕೆಳಗೆ ನುಸುಳುತ್ತಿದ್ದಳು. ಕೊನೆಗೂ ಮಗುವಿನ ಕೈ. ಆದರೆ ಎಡಗೈ. ಕಾಗದ ಮಡಚಿಕೊಳ್ಳುತ್ತಿತ್ತು, ಅವಳು ಹಲ್ಲು ಕಚ್ಚಿ ಒತ್ತುತ್ತಿದ್ದಳು, ಎಳೆಯ ಬೆರಳಿನ ಬುಡದಲ್ಲಿ ಬೊಬ್ಬೆ ಎದ್ದಿತ್ತು. ಬಲಗೈಗೆ ತಗೋ, ಬಲಗೈಗೆ ತಗೋ ಎಂದು ನಾನು ಕಿರುಗುಟ್ಟಿದೆ. ಅವಳಿಗೆ ಅದು ರಿವೆಟ್ಟಿನ ಸದ್ದು.

ಒಂದು ದಿನ ದಾಕ್ಷಾಯಿಣಿ ಬಗ್ಗಿ ನೋಡಿದಳು. "ಏನು ಮಾಡ್ತಿದ್ದೀಯ ಪುಟ್ಟಿ?"

"ಪ್ರಾಕ್ಟೀಸ್, ಅತ್ತೆ. ಸ್ಕೂಲಿನ ಪ್ರದರ್ಶನದ ದಿನ ಎಲ್ಲರ ಮುಂದೆ ಕಾಗದದ ಮೀನು ಕತ್ತರಿಸಬೇಕಂತೆ ನಾನು. ಬೇಗ ಬರ್ತಾನೇ ಇಲ್ಲ."

"ಯಾಕೆ ಎಡಗೈಲಿ?"

ಪ್ರಣತಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ನಂದು ಎಡಗೈಲಿ ತಾನೇ ಮಾಡೋದು? ನೀವು ನಂದು ಮಾಡುವಾಗ ಹಂಗೇ ಮಾಡ್ತೀರಲ್ಲ."

ದಾಕ್ಷಾಯಿಣಿ ಮಂಚದ ಪಕ್ಕ ನೆಲದ ಮೇಲೆ ಕೂತುಬಿಟ್ಟಳು. ಆಮೇಲೆ ಬೊಬ್ಬೆಗೆ ಎಣ್ಣೆ ಹಚ್ಚಿದಳು, ಅಷ್ಟೇ. ಒಳಗೆ ಹೋಗಿ ಬಹಳ ಹೊತ್ತು ಡೈರಿ ಬರೆದಳು. ಹೇಳಬೇಕಾದ ಮಾತನ್ನು ಕಾಗದಕ್ಕೆ ಹೇಳಿ ಎದ್ದು ಬಂದವಳನ್ನು ಕಂಡು ಆ ದಿನ ನನಗೆ ಅವಳೂ ಅಸಹ್ಯವಾದಳು.

ಪ್ರದರ್ಶನದ ದಿನ ಶಾಲೆಯ ಸಭಾಂಗಣದ ತುಂಬ ಮೇಜುಗಳು. ಮೇಜುಗಳ ತುಂಬ ಜ್ವಾಲಾಮುಖಿ, ಗಾಳಿಯಂತ್ರ, ತಿರುಗುವ ಗ್ರಹಗಳು. ಪ್ರತಿಯೊಂದರ ಹಿಂದೆಯೂ ನಿದ್ದೆಗೆಟ್ಟ ಒಬ್ಬ ತಾಯಿ, ಮುಂದೆ ಇಸ್ತ್ರಿ ಮಾಡಿದ ಒಂದು ಮಗು. ಗೋಂದಿನ ವಾಸನೆಗೆ ಗಾಳಿಯೇ ಅಂಟಂಟಾಗಿತ್ತು. ಎಷ್ಟೊಂದು ಕತ್ತರಿಗಳು ಎಷ್ಟೊಂದು ಮನೆಗಳಲ್ಲಿ ನನ್ನಂತೆಯೇ ಬಾಳಿರಬೇಕು ಎಂದುಕೊಂಡೆ. ಪ್ರಣತಿ ಮುಂದಿನ ಮೇಜಿನಲ್ಲಿ ನನ್ನನ್ನು ಹಿಡಿದು ನಿಂತಿದ್ದಳು. ದಾಕ್ಷಾಯಿಣಿ ಹಿಂದಿನ ಸಾಲಿನಲ್ಲಿ, ಕಂಬಕ್ಕೆ ಒತ್ತಿ ಕೂತಿದ್ದಳು.

ಆ ದಿನದ ನಂತರವೇ ಹಂಸವೇಣಿ ನನ್ನನ್ನು ಅಡುಗೆಮನೆಯ ಮೊಳೆಗೆ ಹಾಕಿದ್ದು. ಈಗ ನನ್ನ ಕಿವಿಯ ಗುಲಾಬಿ ಬಣ್ಣ ಎಣ್ಣೆಜಿಡ್ಡಿನ ಬಣ್ಣವಾಗಿದೆ, ಅಲಗು ಮೊಂಡಾಗಿದೆ, ಒದ್ದೆಯಾದಲ್ಲೆಲ್ಲ ತುಕ್ಕು. ಶಾಲೆಯ ಚಟುವಟಿಕೆ ಇನ್ನೂ ಬರುತ್ತದೆ. ಪ್ರಣತಿಯ ಹೊಸ ಕತ್ತರಿ ಕೋಣೆಯಲ್ಲಿ ಸರ್ರ್ ಸರ್ರ್ ಎನ್ನುವುದು ಇಲ್ಲಿಗೂ ಕೇಳುತ್ತದೆ. ನನಗೆ ಹೊಟ್ಟೆಕಿಚ್ಚಿಲ್ಲ. ಮಗುವಿಗಾಗಿ ಹುಟ್ಟಿ ಮಗುವಿನ ಕೆಲಸವೊಂದನ್ನೂ ಮಾಡದೆ ಮುದುಕಿಯಾದೆನಲ್ಲ ಎಂಬ ಸಂಕಟವಿದೆ, ಅಷ್ಟೇ. ಬಾಯಿ ನಾರುತ್ತದೆ ಎನ್ನಿಸಿದಾಗಲೆಲ್ಲ ನಾನು ಆ ಸಭಾಂಗಣವನ್ನು ನೆನೆಸಿಕೊಳ್ಳುತ್ತೇನೆ.

"ನಮ್ಮ ನಕ್ಷತ್ರ ಈಗ ಒಂದು ಮೀನು ಕತ್ತರಿಸಿ ತೋರಿಸ್ತಾಳೆ," ಎಂದರು ರೇಷ್ಮಾ ಮಿಸ್. ಹಂಸವೇಣಿ ಬಗ್ಗಿ ಮಗಳ ಕಿವಿಯಲ್ಲಿ, "ಕತ್ತರಿಸೋ ಹಂಗೆ ಮಾಡು, ಸಾಕು," ಎಂದಳು. ಆದರೆ ಇದು ಫೋಟೊ ಅಲ್ಲ. ಪ್ರಣತಿ ನನ್ನನ್ನು ಎಡಗೈಗೆ ತೆಗೆದುಕೊಂಡಳು. ನಾನು ಆದಷ್ಟು ಬಿಗಿಯಾಗಿ ಅಲಗು ಸೇರಿಸಲು ನೋಡಿದೆ. ಆಗಲಿಲ್ಲ. ಮೀನಿನ ಬಾಲ ಮಡಚಿಕೊಂಡಿತು, ಹೊಟ್ಟೆ ಹರಿಯಿತು. ಬೊಬ್ಬೆ ಒಡೆದು ನನ್ನ ಕಿವಿ ಒದ್ದೆಯಾಯಿತು. ಯಾರೋ ಹುಡುಗರು ಕಿಸಕ್ಕನೆ ನಕ್ಕರು.

"ಏನ್ರೀ ಇದು, ನಕ್ಷತ್ರಕ್ಕೆ ಗ್ರಹಣ ಹಿಡೀತಾ?" ಎಂದಳು ಲಿಖಿತ್‌ನ ಅಮ್ಮ, ಪಕ್ಕದವಳಿಗೆ ಹೇಳುವಂತೆ, ಎಲ್ಲರಿಗೂ ಕೇಳುವಂತೆ.

ಮಿಸ್ ಹತ್ತಿರ ಬಂದು ನೋಡಿದರು. "ನೀನು ಬರೆಯೋದು ಬಲಗೈಲಿ ಅಲ್ವೇನೇ?"

"ಬರೆಯೋದೊಂದು ಬಲಗೈ ಮಿಸ್," ಎಂದಳು ಹಂಸವೇಣಿ ತಕ್ಷಣ. "ಮಿಕ್ಕಿದ್ದಕ್ಕೆಲ್ಲ ಎಡಗೈಯೇ. ಹುಟ್ಟಿದಾಗಿಂದ ಹಂಗೇ."

"ಊಟಕ್ಕೂನಾ?"

"ಊಟಕ್ಕೂ. ಎಷ್ಟು ಹೊಡೆದ್ರೂ ಬಿಡಲ್ಲ."

ಪ್ರಣತಿ ಅಮ್ಮನ ಮುಖ ನೋಡಿದಳು. ಆಮೇಲೆ ತನ್ನ ಬಲಗೈಯನ್ನು ನೋಡಿಕೊಂಡಳು, ಅದು ಬೇರೆ ಯಾರದೋ ಎಂಬಂತೆ. ಮೆಲ್ಲಗೆ ಅದನ್ನು ಬೆನ್ನ ಹಿಂದೆ ಬಚ್ಚಿಟ್ಟಳು. ಎಡಗೈಯಲ್ಲಿ ಮತ್ತೆ ನನ್ನನ್ನು ಒತ್ತಿದಳು.

ಹಿಂದಿನ ಸಾಲಿನಲ್ಲಿ ಕುರ್ಚಿಯೊಂದು ಕಿರ್ರೆಂದು ಹಿಂದೆ ಸರಿಯಿತು. ಕಂಬದ ಪಕ್ಕ ದಾಕ್ಷಾಯಿಣಿ ಎದ್ದು ನಿಂತಿದ್ದಳು. ಚೂಡಿದಾರದ ವೇಲನ್ನು ಎರಡು ಮುಷ್ಟಿಯಲ್ಲೂ ಹಿಂಡುತ್ತಿದ್ದಳು. ತಲೆಗಳೆಲ್ಲ ಅತ್ತ ತಿರುಗಿದವು. ಅತ್ತಿಗೆ ಕಣ್ಣಲ್ಲೇ ಕೂತ್ಕೋ ಎಂದಳು. ದಾಕ್ಷಾಯಿಣಿ ಕೂರಲಿಲ್ಲ.

"ಬಲಗೈಲಿ ಹಿಡ್ಕೋ ಪುಟ್ಟಿ," ಎಂದಳು. ದನಿ ಕೊನೆಯ ಮೇಜಿನವರೆಗೂ ಕೇಳಿತು. "ಆ ಎಡಗೈ ನಂದು."