ಬಲಗೈಯ ಉಂಗುರ

ಬಾಲ್ಬಿನಾ ಸತ್ತ ಒಂಬತ್ತನೆಯ ದಿನಕ್ಕೆ ಫೆರ್ಮಿನ್ ಕೆಲಸಕ್ಕೆ ಬಂದ. ಮನೆಯಲ್ಲಿ ಕೂತು ಮಾಡುವುದಾದರೂ ಏನು? ಅಳು ಬರುತ್ತಿರಲಿಲ್ಲ. ಹೆಂಡತಿ ಹೋದಳು ಎಂಬುದು ಗೊತ್ತಿತ್ತು, ಅಷ್ಟೇ. ಜೋಮು ಹಿಡಿದ ಕಾಲಿನ ಹಾಗೆ ಮನಸ್ಸು ಎಲ್ಲೋ ಬಿದ್ದುಕೊಂಡಿತ್ತು.

ಅಲ್ಮದೇನ್ ಗಣಿಯಲ್ಲಿ ಮೂವತ್ತು ವರ್ಷ ಪಾದರಸದ ಅದಿರು ಅಗೆದು, ಕೈಗೆ ನಡುಕ ಹತ್ತಿಸಿಕೊಂಡ ಮೇಲೆ, ಗಣಿ ನೋಡಲು ಬರುವವರಿಗೆ ಪಾದರಸದ ಆಟ ತೋರಿಸುವ ಕೆಲಸ ಅವನ ಪಾಲಿಗೆ ಬಂದಿತ್ತು. ಅಂದು ಪಕ್ಕದ ಊರಿನ ಹೆಂಗಸರ ದಂಡು ಬಂದಿತ್ತು. ಕಬ್ಬಿಣದ ತೊಟ್ಟಿಯ ತುಂಬ ಪಾದರಸ. ಕಬ್ಬಿಣದ ಗುಂಡು ಹಾಕಿದ, ತೇಲಿತು. ಸೀಸದ ಗಟ್ಟಿ ಹಾಕಿದ, ಅದೂ ತೇಲಿತು.

“ನಮ್ಮತ್ತೇನ ಹಾಕಿದ್ರೂ ತೇಲ್ತಾರಾ ಯಜಮಾನ್ರೇ?” ಎಂದಳು ಕೆಂಪು ಕೋಟಿನವಳು. ಉಳಿದವರು ಕಿಸಕ್ಕೆಂದರು.

“ತೇಲ್ತಾರಮ್ಮ. ಸಣ್ಣ, ದಪ್ಪ ಅನ್ನೋದೆಲ್ಲ ಇಲ್ಲಿ ನಡಿಯಲ್ಲ. ಒಂದು ಲೋಟ ಸೀಸಕ್ಕಿಂತ ಒಂದು ಲೋಟ ಪಾದರಸ ಭಾರ. ಅದಕ್ಕೇ ಸೀಸ ಮೇಲಿರುತ್ತೆ.”

“ಹಂಗಾದ್ರೆ ಮುಳುಗೋದು ಏನೂ ಇಲ್ವಾ?”

“ಚಿನ್ನ ಮುಳುಗುತ್ತೆ. ಅದು ಪಾದರಸಕ್ಕಿಂತ್ಲೂ ಭಾರ.”

ಹೇಳುತ್ತಲೇ ಸೀಸದ ಗಟ್ಟಿ ಎತ್ತಲು ಕೈ ಚಾಚಿದ. ಕೈ ನಡುಗಿತು. ಕಿರುಬೆರಳಿನ ಉಂಗುರ ಕಳಚಿ ತೊಟ್ಟಿಗೆ ಬಿತ್ತು.

ಅದು ಬಾಲ್ಬಿನಾಳ ಮದುವೆ ಉಂಗುರ. ಭಾನುವಾರ ಬರುವ ಮಗಳಿಗೆ ಕೊಡಬೇಕೆಂದು ಬೆರಳಿಗೆ ಹಾಕಿಕೊಂಡವನು ತೆಗೆಯುವುದನ್ನೇ ಮರೆತಿದ್ದ. ಪಾದರಸ ತಗುಲಿದರೆ ಚಿನ್ನ ಬೆಳ್ಳಗಾಗಿ ಪುಡಿಯಾಗುವಷ್ಟು ಕೆಡುತ್ತದೆ. ಆ ಊರಿನಲ್ಲಿ ನಿನ್ನೆ ಮೊನ್ನೆ ಮದುವೆಯಾದವನೂ ಗಣಿಗೆ ಉಂಗುರ ಹಾಕಿಕೊಂಡು ಬರುವುದಿಲ್ಲ. ಹೆಂಗಸರಂತೂ ಉಂಗುರ ತೊಟ್ಟ ಬಲಗೈಯನ್ನು ಗಂಡಂದಿರಿಗೆ ಮುಟ್ಟಗೊಡುವುದಿಲ್ಲ. ನಲವತ್ತು ವರ್ಷ ಬಾಲ್ಬಿನಾಳದೂ ಒಂದೇ ಹಾಡು: “ನಿನ್ ಕೈಗೆ ಪಾದರಸ ಮೆತ್ತಿರುತ್ತೆ ಮಾರಾಯಾ, ಬಲಗೈ ಬಿಡು, ಎಡಗೈ ಹಿಡ್ಕೋ.” ಚರ್ಚಿಗೆ, ಸಂತೆಗೆ, ಸಂಜೆ ತಿರುಗಾಟಕ್ಕೆ ಅವನು ಅವಳ ಎಡಕ್ಕೇ ನಡೆದಿದ್ದ.

ಫೆರ್ಮಿನ್ ಅಂಗಿಯ ತೋಳು ಮಡಚದೆ ಕೈಯನ್ನು ತೊಟ್ಟಿಗೆ ಇಳಿಸಿದ. ಹಾಳು ಪಾದರಸ ಕೈಯನ್ನೇ ಮೇಲಕ್ಕೆ ದಬ್ಬಿತು. ಹೆಗಲಿನ ಬಲವೆಲ್ಲ ಹಾಕಿ ಒತ್ತಿ, ತಳವನ್ನು ತಡಕಿದ. ಏನೂ ಸಿಗಲಿಲ್ಲ. ಮತ್ತೆ ತಡಕಿದ.

“ಅಲ್ಲಲ್ಲ ಯಜಮಾನ್ರೇ, ಇಲ್ಲೇ ಇದೆ ನೋಡಿ, ಮೇಲೇ ಇದೆ!”

ಸೀಸದ ಗಟ್ಟಿಯ ಪಕ್ಕದಲ್ಲಿ ಉಂಗುರ ತೇಲುತ್ತಿತ್ತು.

ಯಾರೂ ನಗಲಿಲ್ಲ. ಕೆಂಪು ಕೋಟಿನವಳು ದನಿ ತಗ್ಗಿಸಿ, “ಸಣ್ಣದಲ್ವಾ, ಅದಕ್ಕೇ ತೇಲಿರ್ಬೇಕು” ಎಂದಳು.

“ಸಣ್ಣ, ದಪ್ಪ ನಡಿಯಲ್ಲಮ್ಮ” ಎಂದ ಫೆರ್ಮಿನ್. ದಿನವೂ ಹೇಳುವ ಮಾತು, ಬಾಯಿಗೆ ತಾನಾಗಿಯೇ ಬಂತು.

ಹಿತ್ತಾಳೆಗೆ ಕೊಟ್ಟ ಚಿನ್ನದ ನೀರು. ನಿಜವಾದ ಉಂಗುರ ಯಾವಾಗ ಹೋಯಿತೆಂದು ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ. ನಡುಕ ಹತ್ತಿ ಅವನು ಹಾಸಿಗೆ ಹಿಡಿದ ಚಳಿಗಾಲದಲ್ಲಿ ಮನೆಯಲ್ಲಿ ಹಾಲು, ಮಾಂಸ ಒಂದು ದಿನವೂ ತಪ್ಪಿರಲಿಲ್ಲ. ಎಲ್ಲಿಂದ ಬಂತೆಂದು ಕೇಳದೆ ತಿಂದಿದ್ದ, ದಡ್ಡ. ಆಮೇಲೂ ಅವಳು ಆ ಕೈಯನ್ನು ಮುಟ್ಟಗೊಡದೆ ಇದ್ದದ್ದು ಗುಟ್ಟು ಕಾಯಲು.

ಉಂಗುರವನ್ನು ಅಂಗೈಯಲ್ಲಿಟ್ಟುಕೊಂಡು ನಿಂತ. ಒಂಬತ್ತು ದಿನಗಳಲ್ಲಿ ಮೊದಲ ಸಲ ಎದೆಯೊಳಗೆ ನೋವು ಕಾಣಿಸಿಕೊಂಡಿತು. ಕೊನೆಯ ದಿನ ಆಸ್ಪತ್ರೆಯಲ್ಲಿ ಬಾಲ್ಬಿನಾ ಮಾತಿಲ್ಲದೆ ಅವನತ್ತ ಬಲಗೈ ಚಾಚಿದ್ದಳು. ಪಾಪ, ಅದು ಉಂಗುರದ ಕೈ ಅನ್ನೋದನ್ನ ಮರೆತಿದ್ದಾಳೆ ಅಂದುಕೊಂಡು, ಅವನು ಮಂಚ ಸುತ್ತಿ ಹೋಗಿ ಎಡಗೈ ಹಿಡಿದಿದ್ದ.