ಒಂದು ಕಂಬ, ಎರಡು ಗಾಡಿ

ಸ್ಟೆಫಾನಿಯಾ ಆ ಬ್ಯಾಟರಿ ಕಾರನ್ನು ತಿಂಗಳ ಕಂತಿನ ಲೀಸಿಗೆ ತಂದದ್ದು ಜೂನ್ ತಿಂಗಳಲ್ಲಿ. ಜೂನ್‌ನಲ್ಲಿ ಕಡುಚಳಿಯ ಸೀಮೆಯಾದ ಮ್ಯಾನಿಟೋಬಾದವರಿಗೆ ಯಾವುದೂ ಕಷ್ಟ ಅನ್ನಿಸುವುದಿಲ್ಲ.

ಮನೆ ಬೋಸೆಜೂರ್ ಊರಲ್ಲಿ, ಕೆಲಸ ವಿನಿಪೆಗ್‌ನ ಒಂದು ವೃದ್ಧರ ಆರೈಕೆ ಮನೆಯಲ್ಲಿ. ಹೋಗಲು ಅರವತ್ತೆರಡು ಕಿಲೋಮೀಟರ್, ಬರಲು ಅರವತ್ತೆರಡು. ಊರಲ್ಲೇ ಕೆಲಸ ಸಿಗುತ್ತದೋ ಎಂದು ಎರಡು ಸಲ ಕೇಳಿ ನೋಡಿದ್ದಳು, ಸಿಗಲಿಲ್ಲ. ಹಳೇ ವ್ಯಾನು ಹಿಮ ಕರಗುವ ಹೊತ್ತಿಗೆ ಪ್ರಾಣ ಬಿಟ್ಟಿತು. ಗಂಡ ಓರೆಸ್ಟ್‌ಗೆ ಎರಡು ವರ್ಷದ ಹಿಂದೆ ಲಕ್ವ ಹೊಡೆದು ಬಲಗೈ, ಬಲಗಾಲು ಸೋತಿದ್ದವು. ಬೆಳಗ್ಗೆ ಸರ್ಕಾರದ ಕಡೆಯಿಂದ ಒಬ್ಬ ಹೆಂಗಸು ಬಂದು ಸ್ನಾನ, ತಿಂಡಿ ಮುಗಿಸಿ ಹೋಗುವಳು. ಮಧ್ಯಾಹ್ನದಿಂದ ಪಕ್ಕದ ಮನೆಯ ಪರಾಸ್ಕ ಚಿಕ್ಕಮ್ಮ ಬಂದು ಜೊತೆಗೆ ಕೂರುವರು. ಅವರಿಗೇ ವಯಸ್ಸು ಎಂಬತ್ತೊಂದು. ನಾಲ್ಕೂವರೆಗೆ ಸ್ಟೆಫಾನಿಯಾ ಮನೆಯಲ್ಲಿರಬೇಕು. ಅದೊಂದು ನಡೆದುಕೊಂಡು ಹೋದರೆ ಓರೆಸ್ಟ್ ತನ್ನ ಮನೆಯಲ್ಲೇ, ತನ್ನ ಕಿಟಕಿಯ ಪಕ್ಕದಲ್ಲೇ ಇರಬಹುದು. ನಡೆಯದಿದ್ದರೆ ಅವನನ್ನೂ ಒಂದು ಆರೈಕೆ ಮನೆಗೆ ಸೇರಿಸಬೇಕು. ಅಂಥ ಮನೆಗಳ ಒಳಗು ಹೇಗಿರುತ್ತದೆಂದು ಮೂವತ್ತೊಂದು ವರ್ಷ ಅಲ್ಲೇ ದುಡಿದವಳಿಗೆ ಬೇರೆಯವರು ಹೇಳಬೇಕಾಗಿರಲಿಲ್ಲ.

ಕಾರು ತೋರಿಸಿದ ಹುಡುಗ ಟೊರೊಂಟೊದಿಂದ ಹೊಸದಾಗಿ ಬಂದವನು. "ಇರೋದ್ರಲ್ಲಿ ಇದೇ ಚಿಕ್ಕದು, ಇದೇ ಅಗ್ಗ," ಅಂದ. "ಒಂದು ಸಲ ತುಂಬಿದ್ರೆ ಇನ್ನೂರ ನಲವತ್ತು ಕಿಲೋಮೀಟರ್ ಓಡುತ್ತೆ. ನಿಮಗೆ ಬೇಕಾದ್ದು ಅದರಲ್ಲಿ ಅರ್ಧ."

"ಚಳಿಗಾಲದಲ್ಲಿ?"

"ಸ್ವಲ್ಪ ಇಳಿಯುತ್ತೆ. ಕೆಲಸದ ಹತ್ರ ಪ್ಲಗ್ ಇದೆಯಾ ಮೇಡಂ?"

ಸ್ಟೆಫಾನಿಯಾಗೆ ನಗು ಬಂತು. "ಪ್ಲಗ್ ಇಲ್ಲದ ಪಾರ್ಕಿಂಗು ನಮ್ಮ ಸೀಮೇಲಿ ಎಲ್ಲಿದೆಯಪ್ಪ? ಪ್ರತಿ ಗಾಡಿಗೂ ಒಂದು ಇರುತ್ತೆ."

ಮಾತು ಸುಳ್ಳಲ್ಲ. ಅಲ್ಲಿಯ ಚಳಿಗೆ ನಿಂತ ಗಾಡಿಯ ಎಂಜಿನ್ನು ಕಲ್ಲಾಗುತ್ತದೆ; ಅದನ್ನು ಬೆಚ್ಚಗಿಡಲೆಂದು ಪಾರ್ಕಿಂಗಿನಲ್ಲಿ ಸಾಲಾಗಿ ಕಂಬ ನೆಟ್ಟು ಪ್ಲಗ್ಗು ಇಟ್ಟಿರುತ್ತಾರೆ. ಮದುವೆಯಾದಾಗಿನಿಂದ ಅವಳು ದಿನಾ ಗಾಡಿ ನಿಲ್ಲಿಸಿ, ವೈರು ಎಳೆದು ಸಿಕ್ಕಿಸಿ, ಆಮೇಲೇ ಬಾಗಿಲು ಹಾಕಿದವಳು. ಎಂಜಿನ್ನು ಬೆಚ್ಚಗಿಡುವ ಕರೆಂಟು ಬೇರೆ, ಗಾಡಿಯನ್ನೇ ಓಡಿಸುವ ಕರೆಂಟು ಬೇರೆ ಎಂಬುದು ಅವಳ ತಲೆಗೆ ಹೊಳೆಯಲಿಲ್ಲ. ಆ ಹುಡುಗನಿಗಂತೂ ಹೊಳೆಯುವ ಮಾತೇ ಇಲ್ಲ. ಮೂರು ವರ್ಷಕ್ಕೆ ಸಹಿ ಹಾಕಿದಳು.

ಇಪ್ಪತ್ತಾರು ವರ್ಷ ಶಾಲೆಯ ಬಸ್ಸು ಓಡಿಸಿದವನು ಓರೆಸ್ಟ್. ಕಿಟಕಿಯಿಂದ ನೋಡಿ ಕೇಳಿದ: "ಇದು ಕಾರೋ, ಬ್ರೆಡ್ಡಿನ ಡಬ್ಬಿಯೋ?"

"ಡಬ್ಬಿಯೇ ಕಣೋ. ನಿನ್ನನ್ನ ಒಳಗಿಟ್ಟು ಮುಚ್ಚಳ ಹಾಕ್ತೀನಿ."

"ಅರ್ಧ ಕೆಟ್ಟಿರೋ ಬ್ರೆಡ್ಡು. ನೋಡ್ಕೊಂಡು ಇಡು."

ಬೇಸಿಗೆ ಚೆನ್ನಾಗಿ ಹೋಯಿತು. ಎರಡೂ ಬದಿಗೆ ಸಾಸಿವೆಯಂಥ ಹಳದಿ ಹೂವಿನ ಕನೋಲಾ ಹೊಲ, ನಡುವೆ ಸದ್ದೇ ಮಾಡದ ಗಾಡಿ. ನಾಲ್ಕು ಗಂಟೆ ಐದು ನಿಮಿಷಕ್ಕೆಲ್ಲ ಮನೆ. ರಾತ್ರಿ ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿದರೆ ಬೆಳಗ್ಗೆ ಮತ್ತೆ ತುಂಬಿರುತ್ತಿತ್ತು. ಪರಾಸ್ಕ ಚಿಕ್ಕಮ್ಮ ಬಾಗಿಲಲ್ಲೇ ಬೆಚ್ಚಿ, "ಅಯ್ಯೋ, ಬಂದದ್ದೇ ಗೊತ್ತಾಗಲ್ವಲ್ಲೇ ಮಗಳೇ, ಕಳ್ಳಿ ಥರ ಬರ್ತೀಯ," ಎಂದು ಬೈಯುವರು. ಗೆದ್ದೆ ಅಂದುಕೊಂಡಳು ಸ್ಟೆಫಾನಿಯಾ.

ನವೆಂಬರಿನಲ್ಲಿ ಕೆಲಸದ ಪಾರ್ಕಿಂಗಿನ ಕಂಬಗಳಿಗೆ ಕರೆಂಟು ಬಿಟ್ಟರು. ಒಂದು ಕಂಬಕ್ಕೆ ಎರಡು ಪ್ಲಗ್ಗು. ಒಂದು ಇವಳದು, ಇನ್ನೊಂದು ರೊಡೆಲ್‌ನದು. ರೊಡೆಲ್ ಫಿಲಿಪೀನ್ಸ್‌ನವನು, ಅದೇ ಆರೈಕೆ ಮನೆಯಲ್ಲಿ ರಿಪೇರಿ ಕೆಲಸ. ಇಲ್ಲಿ ಮೂರಕ್ಕೆ ಮುಗಿಸಿ ನಾಲ್ಕಕ್ಕೆ ಒಂದು ಶಾಲೆಗೆ ಕಸ ಗುಡಿಸಲು ಓಡುವನು. ಅವನ ವ್ಯಾನು ಅವನ ದೊಡ್ಡ ಮಗಳಿಗಿಂತ ಹಳೆಯದು.

"ಏನಕ್ಕಾ, ನಿಮ್ಮ ಗಾಡಿಗೆ ಎಂಜಿನ್ನೇ ಇಲ್ಲ, ವೈರು ಯಾಕೆ?"

"ಹೊಟ್ಟೆ ತುಂಬಿಸೋಕೆ."

"ಮೆಲ್ಲಗೆ ತಿನ್ನೋಕೆ ಹೇಳಿ. ಒಂದೇ ತಟ್ಟೇಲಿ ಇಬ್ಬರು ಇದ್ದೀವಿ."

ಆ ಕಂಬಗಳಿಗೆ ಕರೆಂಟು ಇಪ್ಪತ್ತು ನಿಮಿಷ ಬರುತ್ತದೆ, ಇಪ್ಪತ್ತು ನಿಮಿಷ ಹೋಗುತ್ತದೆ. ಎಂಜಿನ್ನಿಗೆ ಅಷ್ಟು ಸಾಕು, ಬ್ಯಾಟರಿ ತುಂಬಲು ಸಾಲದು. ಅದು ಎಲ್ಲರಿಗೂ ಗೊತ್ತಿರುವ ಸಂಗತಿ, ಸ್ಟೆಫಾನಿಯಾಗೂ ಗೊತ್ತಿತ್ತು. ಸಹಿ ಹಾಕುವಾಗ ನೆನಪಾಗಲಿಲ್ಲ, ಅಷ್ಟೆ.

ಜನವರಿ ಬಂತು. ಮೈನಸ್ ಮೂವತ್ತು, ಮೂವತ್ತೆರಡು. ಇನ್ನೂರ ನಲವತ್ತು ಕಿಲೋಮೀಟರ್ ಓಡುತ್ತಿದ್ದದ್ದು ನೂರ ಮೂವತ್ತಕ್ಕೆ ಇಳಿಯಿತು. ರಾತ್ರಿಯಿಡೀ ಗೋಡೆಯ ಪ್ಲಗ್ಗಿನಲ್ಲಿ ಇದ್ದರೂ ಬೆಳಗ್ಗೆ ತುಂಬಿರುತ್ತಿರಲಿಲ್ಲ. ಬಂದ ಕರೆಂಟಿನಲ್ಲಿ ಅರ್ಧವನ್ನು ಬ್ಯಾಟರಿ ತನ್ನ ಮೈ ಕಾಯಿಸಿಕೊಳ್ಳಲೇ ತಿನ್ನುತ್ತಿತ್ತು. ಬೇಗ ತುಂಬಿಸುವ ದೊಡ್ಡ ಪ್ಲಗ್ಗು ಹಾಕಿಸೋಣವೆಂದರೆ ಎಲೆಕ್ಟ್ರಿಷಿಯನ್ ಬಂದು, ಮನೆಯ ವೈರಿಂಗು ಅಜ್ಜನ ಕಾಲದ್ದು, ಪೂರ್ತಿ ಕಿತ್ತು ಹೊಸದು ಹಾಕಬೇಕು ಎಂದು ಹೇಳಿ ಹೋದ. ರಜೆಯ ಎರಡು ದಿನ ನಿಂತು ತುಂಬಿರುವುದರಿಂದ ಸೋಮವಾರ ನಿಶ್ಚಿಂತೆ. ಮಂಗಳವಾರ ಕಾಲಿನ ಹೀಟರ್ ಆರಿಸಬೇಕು. ಬುಧವಾರದಿಂದ ಎಲ್ಲ ಹೀಟರೂ ಆರಿಸಿ, ಮೊಣಕಾಲಿಗೆ ಕಂಬಳಿ ಸುತ್ತಿ, ಉಸಿರು ಗಾಜಿನ ಒಳಗೇ ಹೆಪ್ಪುಗಟ್ಟಿದ್ದನ್ನು ಉಗುರಿನಿಂದ ಕೆರೆಯುತ್ತ ಬರಬೇಕು. ವಿನಿಪೆಗ್ ನಗರದಾಚೆ ದುಡ್ಡು ಕೊಟ್ಟು ಬೇಗ ತುಂಬಿಸುವ ಜಾಗ ಒಂದಿತ್ತು. ಆ ಚಳಿಯಲ್ಲಿ ಅಲ್ಲೂ ಸರದಿ, ಆಮೇಲೆ ತುಂಬಲು ಒಂದೂವರೆ ಗಂಟೆ. ಮನೆ ಸೇರುವಾಗ ಆರೂವರೆ. ಕೆಲಸದ ಕಂಬದಿಂದ ಸಿಗುವ ಹದಿನೈದು ಇಪ್ಪತ್ತು ಕಿಲೋಮೀಟರೇ ಅವಳನ್ನು ಹೊತ್ತಿಗೆ ಸರಿಯಾಗಿ ಮನೆ ಮುಟ್ಟಿಸುತ್ತಿತ್ತು.

ಒಂದು ಬುಧವಾರ ಎರಡು ಗಾಡಿಗಳ ಹೊರೆ ತಾಳದೆ ಕಂಬ ಟ್ರಿಪ್ ಆಗಿ ಕರೆಂಟು ಹೋಯಿತು. ಮೂರು ಗಂಟೆಗೆ ಹೊರಗೆ ಬಂದರೆ ರೊಡೆಲ್‌ನ ವ್ಯಾನು ಒಂದು ಸಲ ನರಳಿ ಸುಮ್ಮನಾಯಿತು. ಅವನು ನಕ್ಕ. "ಇವಳಿಗೂ ವಯಸ್ಸಾಯ್ತು ಅಕ್ಕಾ." ಮುಂದಿನ ವಾರ ಮತ್ತೆ ಹಾಗೇ ಆಯಿತು. ಈ ಸಲ ನಗಲಿಲ್ಲ. ಬಾನೆಟ್ ಎತ್ತಿ ಕಂಬದ ಕಡೆ ನೋಡಿದ, ಅವಳ ವೈರಿನ ಕಡೆ ನೋಡಿದ, ಬಾನೆಟ್ ಮುಚ್ಚಿ ಬಸ್ಸಿಗೆ ನಡೆದ.

ಮಾರನೇ ದಿನ ಊಟದ ಕೋಣೆಯಲ್ಲಿ ಎದುರು ಕೂತು ಅನ್ನದ ಡಬ್ಬಿ ಬಿಚ್ಚಿದ. ಸ್ಟೆಫಾನಿಯಾ ತಾನೇ ಕೇಳಿದಳು: "ಶಾಲೆಗೆ ಹೊತ್ತಾಯ್ತಾ ನಿನ್ನೆ?"

"ಆಯ್ತು. ಇನ್ಮೇಲೆ ಆಗಲ್ಲ. ಬರಬೇಡ ಅಂದ್ರು."

ಅವಳು ಚಮಚೆ ಕೆಳಗಿಟ್ಟಳು. "ನನ್ನ ಗಾಡಿಯಿಂದ."

"ಗಾಡಿ ಏನು ಮಾಡುತ್ತೆ ಅಕ್ಕಾ, ಹಸಿವಾಗುತ್ತೆ. ನಂದಕ್ಕೂ ಆಗುತ್ತೆ." ಚಮಚೆಯಿಂದ ಅನ್ನ ಕೆದಕಿದ. "ಓರೆಸ್ಟಣ್ಣ ಕಾಯ್ತಿರ್ತಾರೆ ಅಂತ ಗೊತ್ತು. ಅದಕ್ಕೇ ಮೇಲಿನವರಿಗೆ ನಾನು ಹೇಳ್ಲಿಲ್ಲ. ಹೇಳೋದೂ ಇಲ್ಲ. ಆದ್ರೆ ವ್ಯಾನು ಇಲ್ಲೇ ನಿಂತ್ರೆ ಬೆಳಗ್ಗೆ ಈ ಕೆಲಸಕ್ಕಾದ್ರೂ ನಾನು ಹೇಗೆ ಬರಲಿ?"

ಅವನು ಬೈದಿದ್ದರೆ ಹೇಗೋ ಎದುರಾಡಬಹುದಿತ್ತು. ಅವಳು ಎದ್ದು ಹೋಗಿ ತನ್ನ ವೈರು ಕಿತ್ತಳು. ಕಾರನ್ನು ಕಂಬವೇ ಇಲ್ಲದ, ಕಸದ ತೊಟ್ಟಿಗಳ ಪಕ್ಕದ ಗೋಡೆಗೆ ಸರಿಸಿ ನಿಲ್ಲಿಸಿದಳು. ಕಿಟಕಿಯಿಂದ ರೊಡೆಲ್ ನೋಡುತ್ತಿದ್ದ. ಬೇಡ ಅನ್ನಲಿಲ್ಲ.

ಶುಕ್ರವಾರ ಗಾಳಿ ಎದುರಿನಿಂದ ಬೀಸುತ್ತಿತ್ತು. ಹೊರಡುವಾಗ ಕಾರು ಇನ್ನು ಅರವತ್ತಾರು ಕಿಲೋಮೀಟರ್ ಓಡಬಹುದೆಂದು ತೋರಿಸಿತು. ಹೀಟರ್ ಹಾಕಲಿಲ್ಲ, ರೇಡಿಯೋ ಹಾಕಲಿಲ್ಲ, ಲಾರಿಗಳು ಹಾರ್ನು ಹೊಡೆದರೂ ವೇಗ ಅರವತ್ತು ದಾಟಿಸಲಿಲ್ಲ. ಊರಿಗೆ ಹನ್ನೊಂದು ಕಿಲೋಮೀಟರ್ ಇರುವಾಗ ಬ್ಯಾಟರಿ ಮುಗಿಯಿತೆಂದು ಹೇಳುವ ಆಮೆಯ ಚಿತ್ರ ಪರದೆಯ ಮೇಲೆ ಬಂತು, ಆಮೇಲೆ ಕಾರು ನಿಂತಿತು. ಎಳೆಯುವ ಲಾರಿ ಬರಲು ಎರಡೂವರೆ ಗಂಟೆ. ಮನೆಗೆ ಫೋನು ಮಾಡಿದಳು. ಹೊಡೆದುಕೊಂಡಿತು, ಹೊಡೆದುಕೊಂಡಿತು, ಯಾರೂ ಎತ್ತಲಿಲ್ಲ.

ಏಳು ಗಂಟೆಗೆ ಬಾಗಿಲು ತೆಗೆದರೆ ಅಡುಗೆಮನೆಯ ನೆಲದ ಮೇಲೆ ಓರೆಸ್ಟ್ ಮಲಗಿದ್ದ. ತಲೆಯಡಿ ದಿಂಬು, ಮೈಮೇಲೆ ಪರಾಸ್ಕ ಚಿಕ್ಕಮ್ಮನ ಕೋಟು. ಗೋಡೆಗೆ ಒರಗಿ, ಕಾಲು ಚಾಚಿ ಆ ಮುದುಕಿ ಕೂತಿದ್ದರು. ಇವಳು ಇನ್ನೂ ಬರಲಿಲ್ಲವಲ್ಲ, ಕಿಟಕಿಗೆ ಹೋಗಿ ನೋಡುತ್ತೇನೆಂದು ಎದ್ದವನು ಬಿದ್ದಿದ್ದ. ಚಿಕ್ಕಮ್ಮ ಎತ್ತಲು ಹೋಗಿ ತಾವೂ ಕುಸಿದು, ಏಳಲಾಗದೆ ಅಲ್ಲೇ ಉಳಿದಿದ್ದರು. ಫೋನು ಮೇಜಿನ ಮೇಲೆ, ಕೈಗೆ ನಿಲುಕದಷ್ಟು ಎತ್ತರದಲ್ಲಿ.

"ನೋಡು, ಇಬ್ಬರೂ ಬಿದ್ಕೊಂಡು ಊರಿನವರ ಮದುವೆಗಳನ್ನೆಲ್ಲ ನೆನೆಸ್ಕೊಂಡ್ವಿ," ಅಂದ ಓರೆಸ್ಟ್. ತುಟಿ ನೀಲಿಯಾಗಿತ್ತು.

ಪರಾಸ್ಕ ಚಿಕ್ಕಮ್ಮ ಅವಳ ತೋಳು ಹಿಡಿದು ಎದ್ದರು. ಕೋಟು ತೊಟ್ಟು, ಗುಂಡಿಯನ್ನೆಲ್ಲ ನಿಧಾನವಾಗಿ ಹಾಕಿಕೊಂಡರು. "ಮಗಳೇ, ನಿನ್ನ ಮೇಲೆ ಕೋಪ ಇಲ್ಲ. ಆದ್ರೆ ನಾಳೆಯಿಂದ ನನ್ನ ಕರೀಬೇಡ. ಎತ್ತೋ ಕೈ ಅಲ್ಲ ಇವು."

ಕಾರು ಹಿಂದಿರುಗಿಸಬಹುದೇ ಎಂದು ಸ್ಟೆಫಾನಿಯಾ ಶೋರೂಮಿಗೆ ಫೋನು ಮಾಡಿದಳು. ಆ ಹುಡುಗ ಟೊರೊಂಟೊಗೆ ವಾಪಸಾಗಿದ್ದ. ಉಳಿದ ಎರಡು ವರ್ಷ ಐದು ತಿಂಗಳ ಕಂತು ಕಟ್ಟಿದರೆ ಹಿಂದಿರುಗಿಸಬಹುದು, ಇಲ್ಲವೇ ಬೇರೆ ಯಾರಾದರೂ ವಹಿಸಿಕೊಳ್ಳಬೇಕು, ಅಂದಳು ಅಲ್ಲಿದ್ದವಳು. "ವಸಂತಕ್ಕೆ ಸರಿಹೋಗುತ್ತೆ ಬಿಡಿ."

ವಸಂತದವರೆಗೆ ಓರೆಸ್ಟ್ ಜೊತೆ ಕೂರಲು ಯಾರೂ ಇರಲಿಲ್ಲ. ಸರ್ಕಾರದ ಕಡೆಯ ಹೆಂಗಸು ಆರೈಕೆ ಮನೆಗೆ ಸೇರಿಸುವ ಅರ್ಜಿ ತಂದಳು. ಸ್ಟೆಫಾನಿಯಾ ಕೆಲಸ ಮಾಡುವಲ್ಲಿ ಹದಿನೆಂಟು ತಿಂಗಳ ಸರದಿ. ಖಾಲಿ ಇದ್ದದ್ದು ಪಿನಾವಾ ಊರಿನ ಕಡೆ ಒಂದು ಹಾಸಿಗೆ, ವಿನಿಪೆಗ್‌ಗೆ ತೀರಾ ಎದುರು ದಿಕ್ಕು.

"ನಾನು ಕೆಲಸ ಬಿಡ್ತೀನಿ," ಅಂದಳು ಸ್ಟೆಫಾನಿಯಾ.

"ಬಿಟ್ಟು ಏನು ತಿಂತೀಯ, ಆ ಡಬ್ಬೀನಾ?" ಎಂದು ಓರೆಸ್ಟ್ ಎಡಗೈಯಿಂದ ಪೆನ್ನು ಎಳೆದುಕೊಂಡ. ಸೊಟ್ಟಸೊಟ್ಟಾಗಿ ಸಹಿ ಹಾಕಿದ. ಅವಳ ಮುಖ ನೋಡಲಿಲ್ಲ.

ಹೊರಟದ್ದು ಫೆಬ್ರವರಿಯ ಒಂದು ಭಾನುವಾರ. ಅವತ್ತು ಹಿತವಾದ ಬಿಸಿಲು, ಮೈನಸ್ ಐದು. ಎರಡು ದಿನ ನಿಂತೇ ಇದ್ದ ಕಾರು ತುಂಬಿತ್ತು. ಅವಳು ಎಲ್ಲ ಹೀಟರೂ ಹಾಕಿದಳು. ಓರೆಸ್ಟ್ ಒಳ್ಳೇ ಕೈಯನ್ನು ಬಿಸಿಗಾಳಿಗೆ ಚಾಚಿ, ದಾರಿಯುದ್ದಕ್ಕೂ ತಾನು ಬಸ್ಸು ನಿಲ್ಲಿಸುತ್ತಿದ್ದ ಮನೆಗಳ ಹೆಸರು ಹೇಳುತ್ತ ಬಂದ. ತಲುಪಿದಾಗ ಇನ್ನೂ ನೂರ ಮೂವತ್ತು ಕಿಲೋಮೀಟರ್ ಓಡುವಷ್ಟು ಉಳಿದಿತ್ತು.

"ಪರವಾಗಿಲ್ಲವೇ, ಚೆನ್ನಾಗೇ ಓಡುತ್ತೆ," ಅಂದ.

ಸೋಮವಾರ ಕೆಲಸ ಮುಗಿಸಿ ಸ್ಟೆಫಾನಿಯಾ ನಗರದಾಚೆಯ ಬೇಗ ತುಂಬಿಸುವ ಜಾಗಕ್ಕೆ ಹೋದಳು. ಮುಂದೆ ಮೂರು ಕಾರುಗಳಿದ್ದವು. ಅವಳ ಸರದಿ ಬಂದಾಗ ಹಿಂದೆ ನಿಂತಿದ್ದ ಹೆಂಗಸೊಬ್ಬಳು ಗಾಜು ತಟ್ಟಿ, ಮಗು ಡೇಕೇರ್‌ನಲ್ಲಿ ಕಾಯುತ್ತಿದೆ, ಮೊದಲು ತನಗೆ ಬಿಡುವಿರಾ ಎಂದು ಕೇಳಿದಳು. ಸ್ಟೆಫಾನಿಯಾ ಕಾರನ್ನು ಪಕ್ಕಕ್ಕೆ ತೆಗೆದು ಬಿಟ್ಟುಕೊಟ್ಟಳು. ಆ ಹೆಂಗಸಿನ ಹಿಂದೆ ಇದ್ದವನಿಗೂ ಬಿಟ್ಟುಕೊಟ್ಟಳು. ಆಮೇಲೆ ವೈರು ಸಿಕ್ಕಿಸಿ, ಕಂಬಳಿ ಹೊದ್ದು, ಸೀಟು ಹಿಂದಕ್ಕೆ ಒರಗಿಸಿ ಕೂತಳು. ನಾಲ್ಕೂವರೆ ಯಾವಾಗಲೋ ದಾಟಿತ್ತು. ಏಳಾಯಿತು, ಎಂಟಾಯಿತು. ಪರದೆಯ ಮೇಲೆ ಪೂರ್ತಿ ತುಂಬಿದೆ ಎಂದು ಬಂದ ಮೇಲೂ ಅವಳು ಏಳಲಿಲ್ಲ. ಕೊನೆಗೆ ಯಾರೋ ಹಾರ್ನು ಹೊಡೆದರು.